ಮೊಂತಿ ಹಬ್ಬಕ್ಕೆ ಬರುವ ಹಿಂದೂ ನೆರೆಯವರು, ಕೋಲಕ್ಕೆ ಹೋಗುವ ಕ್ರೈಸ್ತರು: ಯಾವ ಆಚರಣೆಯಲ್ಲಿ ಎಲ್ಲಿಯವರೆಗೆ?

ವಾಳೆ_ಗುರಿಕಾರ (ಪ್ರಶ್ನೆ)

ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮಾತೆ ಮೇರಿಯ ಜನ್ಮದಿನ, ಹೊಸ ತೆನೆಯ ಹಬ್ಬ) ಒಳಗೆ ನಮ್ಮ ವಾಳೆಯ (ಚರ್ಚಿನ ಒಂದು ವಾರ್ಡಿನ) ಮನೆಗಳಿಗೆ ಒಂದು ಪುಟದ ಸೂಚನೆ ಹಂಚಬೇಕು ಅಂತ ಪಾಲನಾ ಮಂಡಳಿಯಲ್ಲಿ ತೀರ್ಮಾನ ಆಗಿದೆ. ಬೆಳ್ತಂಗಡಿ ಕಡೆಯ ಹಳ್ಳಿ ಚರ್ಚು. ಮುಂಬೈ, ಗಲ್ಫ್‌ನಿಂದ ವಾಪಸಾಗಿ ಮನೆ ಕಟ್ಟಿಕೊಂಡವರು ಈಗ ಹೆಚ್ಚಾಗಿದ್ದಾರೆ. ಅವರಿಗೆ ಚರ್ಚಿನ ಕ್ರಮ ಗೊತ್ತು, ಊರಿನ ಕ್ರಮ ಗೊತ್ತಿಲ್ಲ. ಅಕ್ಕಪಕ್ಕ ಎಲ್ಲ ಹಿಂದೂ ಮನೆಗಳು. ಯಾರಿಗೂ ಮನಸ್ಸು ನೋಯಿಸುವ ಇರಾದೆ ಇಲ್ಲ, ಆದರೂ ಸಣ್ಣ ಸಣ್ಣ ಎಡವಟ್ಟು ಆಗ್ತಾ ಇರುತ್ತದೆ.

ನನಗೆ ಖಚಿತ ಉತ್ತರ ಬೇಕಾಗಿರುವುದು ಇಷ್ಟಕ್ಕೆ. ಹಬ್ಬದ ದಿನ ಹೂವು ಹಾಕಲು ಬರುವ ಹಿಂದೂ ಮಕ್ಕಳು, ಅಮ್ಮಂದಿರು ಪರಮ ಪ್ರಸಾದದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಸಾಲಿಗೂ ಬಂದು ನಿಲ್ಲುತ್ತಾರೆ. ಅಲ್ಲಿ ಅವಮಾನ ಆಗದ ಹಾಗೆ ಹೇಗೆ ನಡೆಸುವುದು? ಆಶೀರ್ವದಿಸಿದ ತೆನೆಯನ್ನು ನೆರೆಮನೆಗೆ ಕೊಡಬಹುದೇ, ಹೇಗೆ ಕೊಡಬೇಕು? ಅವರು ಸತ್ಯನಾರಾಯಣ ಪೂಜೆಯ ಪ್ರಸಾದ ತಂದುಕೊಟ್ಟರೆ? ದೇವಸ್ಥಾನದ ಬ್ರಹ್ಮಕಲಶ ಉತ್ಸವಕ್ಕೆ ಹೊರೆಕಾಣಿಕೆ, ಕೋಲಕ್ಕೆ (ದೈವಾರಾಧನೆಗೆ) ವಂತಿಗೆ ಕೇಳಿದರೆ? ಮದುವೆಯ ರೊಸ್‌ಗೆ (ಮುನ್ನಾದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ಕ್ರಮ) ಅವರನ್ನು ಕರೆದಾಗ ಅವರೂ ರೊಸ್ ಹಚ್ಚಬಹುದೇ? ಸಾವಿನ ಮನೆಯ ಕ್ರಮವೂ ಗೊತ್ತಿದ್ದವರು ಬರೆಯಿರಿ.

ಬಲಿಪೀಠ_ಸೇವೆ

ಗುರಿಕಾರ್ರೇ, ಸೂಚನೆ ಬರೆಯುವ ಮುಂಚೆ ಒಂದು ಗೆರೆ ಎಳೆದುಕೊಳ್ಳಿ. ಯಾವ ಆಚರಣೆಗಾದರೂ ಒಂದು ಗರ್ಭಗುಡಿ ಇರುತ್ತದೆ, ಒಂದು ಅಂಗಳ ಇರುತ್ತದೆ. ಗರ್ಭಗುಡಿ ಆ ನಂಬಿಕೆಯವರದ್ದು, ಅಂಗಳ ಊರಿಗೆ ಸೇರಿದ್ದು. ತುಳುನಾಡಿನಲ್ಲಿ ನೆರೆಹೊರೆ ಉಳಿದುಬಂದಿರುವುದು ಅಂಗಳ ದೊಡ್ಡದಾಗಿರುವುದರಿಂದ. ಜಗಳ ಹುಟ್ಟುವುದು ಎರಡು ಕಾರಣಕ್ಕೆ: ಅಂಗಳಕ್ಕೂ ಬೇಲಿ ಹಾಕಿದಾಗ, ಇಲ್ಲವೇ ಗರ್ಭಗುಡಿಗೂ ಎಲ್ಲರನ್ನೂ ಎಳೆದುಕೊಂಡು ಹೋಗಲು ನೋಡಿದಾಗ.

ಮೊಂತಿ ಹಬ್ಬದಲ್ಲಿ ಗರ್ಭಗುಡಿ ಅಂದರೆ ದಿವ್ಯ ಬಲಿಪೂಜೆ, ಅದರಲ್ಲೂ ಪರಮ ಪ್ರಸಾದ. ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗಿನ ಒಂಬತ್ತು ದಿನದ ನೊವೆನಾ ಪ್ರಾರ್ಥನೆ, ಬಾಲ ಮೇರಿಗೆ ಹೂವು ಅರ್ಪಿಸುವುದು, ತೆನೆಯ ಮೆರವಣಿಗೆ, ಕಬ್ಬು ಹಂಚುವುದು, ಇವೆಲ್ಲ ಅಂಗಳ. ಹೂವು ಹಾಕಲು ಯಾವ ಅರ್ಹತೆಯೂ ಬೇಡ. ಹೂವಿನ ಸಾಲಿನಲ್ಲಿ ಹಿಂದೂ ಮಕ್ಕಳನ್ನು ಕೊನೆಗೆ ನಿಲ್ಲಿಸುವ ಅಭ್ಯಾಸ ಎಲ್ಲಾದರೂ ಇದ್ದರೆ ಈ ವರ್ಷವೇ ನಿಲ್ಲಿಸಿ. ಎತ್ತರದ ಪ್ರಕಾರ ಸಾಲು ಮಾಡಿ, ಸಣ್ಣವರು ಮುಂದೆ.

ಪರಮ ಪ್ರಸಾದದ ವಿಷಯ. ಚರ್ಚಿನ ಕಾನೂನಿನ ಕ್ಯಾನನ್ 844ರ ಪ್ರಕಾರ ಸಂಸ್ಕಾರಗಳು ಕಥೋಲಿಕರಿಗೆ. ದೀಕ್ಷಾಸ್ನಾನ ಆಗದವರಿಗೆ ಪರಮ ಪ್ರಸಾದ ಕೊಡುವ ಅವಕಾಶವೇ ಇಲ್ಲ. ಇದು ಜಾತಿಯ ಮಡಿಯಲ್ಲ: ಮೊದಲ ಪರಮ ಪ್ರಸಾದ ಆಗದ ನಮ್ಮದೇ ಮಕ್ಕಳಿಗೂ ಕೊಡುವುದಿಲ್ಲ. ನೆರೆಯವರಿಗೆ ವಿವರಿಸುವಾಗ ಈ ಉದಾಹರಣೆಯನ್ನೇ ಕೊಡಿ, ತಕ್ಷಣ ಅರ್ಥವಾಗುತ್ತದೆ. ಆದರೆ ವಿವರಣೆ ಸಾಲಿನಲ್ಲಿ ನಿಂತ ಮೇಲೆ ಅಲ್ಲ. ಎಡವುವುದು ಹೇಗೆ ಅಂದರೆ, ಮೈಕಿನಲ್ಲಿ "ಪರಮ ಪ್ರಸಾದ ಸ್ವೀಕರಿಸಲು ಬನ್ನಿ" ಅಂತ ಮಾತ್ರ ಹೇಳುತ್ತಾರೆ. ದೇವಸ್ಥಾನದ ಅಭ್ಯಾಸ ಇರುವವರಿಗೆ ಪ್ರಸಾದಕ್ಕೆ ಹೋಗದಿರುವುದೇ ಅಗೌರವ, ಹಾಗಾಗಿ ಎದ್ದು ಬರುತ್ತಾರೆ. ಅಲ್ಲಿ ಧರ್ಮಗುರು ಕೈ ಹಿಂದೆ ತೆಗೆದುಕೊಂಡರೆ ನೂರು ಜನರ ಮುಂದೆ ಮುಖಭಂಗ.

ಹೀಗೆ ಮಾಡಿ. ಪೂಜೆ ಶುರುವಾಗುವ ಐದು ನಿಮಿಷ ಮುಂಚೆ, ಎಲ್ಲರೂ ಕೂತಿರುವಾಗ, ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಒಮ್ಮೆ ಹೇಳಿ: "ಪರಮ ಪ್ರಸಾದ ದೀಕ್ಷೆ ಪಡೆದು ಸಿದ್ಧರಾದ ಕಥೋಲಿಕರಿಗೆ. ಉಳಿದವರು ಕೂತಲ್ಲೇ ಪ್ರಾರ್ಥಿಸಿ. ಪೂಜೆ ಮುಗಿದ ಮೇಲೆ ಬಾಲ ಮೇರಿಯ ಮುಂದೆ ಎಲ್ಲರಿಗೂ ಆಶೀರ್ವಾದ, ಕಬ್ಬು ಇದೆ." ಕೊನೆಯ ವಾಕ್ಯ ಬಿಡಬೇಡಿ. ಇಲ್ಲ ಅನ್ನುವುದರ ಜೊತೆಗೆ ಇದೆ ಅನ್ನುವುದು ಇರಲೇಬೇಕು. ಕ್ಯಾನನ್ 1170ರಲ್ಲಿ ಆಶೀರ್ವಾದವನ್ನು ಕಥೋಲಿಕರಲ್ಲದವರಿಗೂ ಕೊಡಬಹುದು ಅಂತಿದೆ, ಆದ್ದರಿಂದ ತಲೆ ಮೇಲೆ ಕೈಯಿಟ್ಟು ಆಶೀರ್ವದಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪರಮ ಪ್ರಸಾದದ ಸಾಲಿನಲ್ಲೇ ಎದೆಗೆ ಕೈಕಟ್ಟಿ ಬಂದವರಿಗೆ ಆಶೀರ್ವಾದ ಕೊಡುವ ಪದ್ಧತಿ ಕೆಲವು ಕಡೆ ಇದೆ. ಹಳ್ಳಿ ಚರ್ಚಿಗೆ ಅದು ಬೇಡ ಅನ್ನುತ್ತೇನೆ. ಜನಸಂದಣಿಯಲ್ಲಿ ಯಾರು ಕೈ ಕಟ್ಟಿದ್ದಾರೆ, ಯಾರು ಇಲ್ಲ ಅಂತ ನೋಡುತ್ತಾ ಕೂರಲು ಆಗುವುದಿಲ್ಲ. ಸಾಲಿನ ತುದಿಯಲ್ಲಿ ಊರಿನ ಮುಖ ಪರಿಚಯ ಇರುವ ಇಬ್ಬರನ್ನು ನಿಲ್ಲಿಸಿದರೆ ಸಾಕು. ಸಮವಸ್ತ್ರದ ಸ್ವಯಂಸೇವಕರು ಬೇಡ, ಅಕ್ಕ, ಅಣ್ಣ ಅಂತ ಕರೆದು ಮಾತಾಡುವವರು ಬೇಕು.

ತೆನೆ. ಮನೆಗೆ ಒಂದು ಅಂತ ಲೆಕ್ಕ ಹಾಕಿ ಕಾಲು ಭಾಗ ಜಾಸ್ತಿ ತನ್ನಿ. 100 ಮನೆಗೆ 125. ಉದುರಿದ್ದು, ಮುರಿದದ್ದು ಕಳೆದು, ಕೇಳಿ ಬಂದ ನೆರೆಯವರಿಗೂ ಉಳಿಯುತ್ತದೆ. ದಂಟು ಒಂದೂವರೆ ಅಡಿ ಇರುವಂತೆ ಕೊಯ್ದು ರಾತ್ರಿ ಬುಡ ನೀರಿನಲ್ಲಿಡಿ. ಜೂನ್ ಮೊದಲ ವಾರ ಬಿತ್ತಿದ 120 ದಿನದ ತಳಿಗೆ ಸೆಪ್ಟೆಂಬರ್ ಮೊದಲ ವಾರ ತೆನೆ ಬಂದಿರುತ್ತದೆ, ಆದರೆ ಹಾಲುಕಾಳು. ಉಗುರಿನಿಂದ ಸುಲಿದರೆ ಅಕ್ಕಿ ಸಿಗುವುದಿಲ್ಲ, ಬಿಳಿ ಹಾಲು ಸಿಗುತ್ತದೆ. ಅಂಥದ್ದಾದರೆ ಕಾಳನ್ನು ಸಿಪ್ಪೆ ಸಮೇತ ಜಜ್ಜಿ, ಬಟ್ಟೆಯಲ್ಲಿ ಸೋಸಿ ಪಾಯಸಕ್ಕೆ ಸೇರಿಸಬೇಕು ಅಂತ ಹೊಸ ಮನೆಗಳಿಗೆ ಬರೆದು ಕೊಡಿ. ಹಾಗೇ ಹಾಕಿದರೆ ಸಿಪ್ಪೆ ಗಂಟಲಿಗೆ ಸಿಕ್ಕುತ್ತದೆ. ಚರ್ಚಿನ ಜಾಗದಲ್ಲಿ ನಾಲ್ಕು ಸೆಂಟ್ಸ್ ಗದ್ದೆ ಇದ್ದರೂ ಬೇಕಾದ ತೆನೆ ಧಾರಾಳ ಸಿಗುತ್ತದೆ. ಈಗ ಎಲ್ಲೆಡೆ ಅಡಿಕೆ ತೋಟವಾಗಿ ಗದ್ದೆ ಉಳಿದಿಲ್ಲ, ಹಾಗಾಗಿ ಬಹಳ ಕಡೆ ತೆನೆ ಬರುವುದೇ ಹಿಂದೂ ನೆರೆಯವರ ಗದ್ದೆಯಿಂದ. ಹಾಗಿದ್ದಲ್ಲಿ ಕೊಟ್ಟವರ ಮನೆಯ ಹೆಸರನ್ನು ಪೂಜೆಯ ಕೊನೆಗೆ ಓದಿ ಕೃತಜ್ಞತೆ ಹೇಳಬೇಕು, ಮತ್ತು ಆಶೀರ್ವದಿಸಿದ ಮೊದಲ ತೆನೆ ಆ ಮನೆಗೆ ಹೋಗಬೇಕು.

ಕಬ್ಬು: ಎಂಟಡಿ ಜಲ್ಲೆಯಲ್ಲಿ ಒಂದೂವರೆ ಅಡಿಯ 5 ತುಂಡು. 300 ಮಕ್ಕಳಿಗೆ 60 ಜಲ್ಲೆ, ಕೈಯಲ್ಲಿ 5 ಜಾಸ್ತಿ ಇಟ್ಟುಕೊಳ್ಳಿ. ತುಂಡು ಕಡಿಮೆ ಬಿದ್ದಾಗ "ನಮ್ಮ ಮಕ್ಕಳಿಗೆ ಮೊದಲು" ಅನ್ನುವ ಧ್ವನಿ ಏಳುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಅದನ್ನು ತಪ್ಪಿಸುವುದು ಆ 5 ಜಲ್ಲೆ.

ಇನ್ನೊಂದು. ಹಿಂದೂಗಳು ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ, ಸೆಪ್ಟೆಂಬರ್ ಮಳೆಗೆ ಮೆಟ್ಟಿಲು ಕೆಸರು. ಚಪ್ಪಲಿ ಇಡಲು ಮಾಡಿನ ಕೆಳಗೆ ಜಾಗ, ಕಾಲು ತೊಳೆಯಲು ನೀರು, ಒರೆಸಲು ಗೋಣಿ ಇಡಿ. "ಹಾಕಿಕೊಂಡೇ ಬನ್ನಿ" ಅಂತ ಒತ್ತಾಯ ಮಾಡಬೇಡಿ. ಅದು ಅವರು ಕೊಡುವ ಮರ್ಯಾದೆ.

ಗುತ್ತುಮನೆ_ಚಾವಡಿ

ಪೊರ್ಬುಲೇ (ಕ್ರೈಸ್ತರನ್ನು ನಾವು ಹೀಗೆ ಕರೆಯುವುದು), ಹಿಂದೂ ಕಡೆಯಿಂದ ನಾನು ಬರೆಯುತ್ತೇನೆ. ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ನಮ್ಮಲ್ಲೂ ಹೊಸಬರಿಗೆ ಇದೆಲ್ಲ ಗೊತ್ತಿಲ್ಲ.

ತೆನೆಯನ್ನು ಖಂಡಿತ ಕೊಡಬಹುದು. ನಮ್ಮವರು ಈ ಹಬ್ಬವನ್ನು ಕುರಲ್ ಪರ್ಬ (ಕುರಲ್ ಅಂದರೆ ತೆನೆ) ಅಂತಲೇ ಕರೆಯುವುದು. ನಮ್ಮ ಮನೆಗಳಲ್ಲೂ ಕುರಲ್ ಕಟ್ಟುವ ಕ್ರಮ ಇದೆ, ಕೆಲವರು ಚೌತಿಗೆ, ಕೆಲವರು ನವರಾತ್ರಿಗೆ. ತೆನೆಯನ್ನು ತುಳಸಿಕಟ್ಟೆಯ ಹತ್ತಿರ ಇಟ್ಟು, ಮಾವು, ಹಲಸು, ಬಿದಿರಿನ ಎಲೆಗಳೊಂದಿಗೆ ನಾರಿನಲ್ಲಿ ಕಟ್ಟಿ, ಬಾಗಿಲು, ಕಂಬ, ಭತ್ತದ ಕಣಜ, ನೇಗಿಲಿಗೆ ಕಟ್ಟುವುದು. ಆಮೇಲೆ ಹೊಸ ಅಕ್ಕಿ ಊಟ. ಆದ್ದರಿಂದ ನಿಮ್ಮ ತೆನೆ ಬಂದರೆ ಏನು ಮಾಡಬೇಕು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಕೊಡುವ ಕ್ರಮ: ಬೆಳಗ್ಗೆ, ಊಟಕ್ಕೆ ಮುಂಚೆ ಬನ್ನಿ. ಹರಿವಾಣದಲ್ಲೋ ಬಾಳೆಲೆಯ ತುಂಡಿನಲ್ಲೋ ಇಟ್ಟು ಎರಡೂ ಕೈಯಲ್ಲಿ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತುಂಬಿ ತಂದ ತೆನೆ ನೋಡಿದರೆ ಹಿರಿಯರಿಗೆ ಬೇಸರವಾಗುತ್ತದೆ. ತೆನೆ ನಮಗೂ ದೇವರೇ. "ಚರ್ಚಿನಲ್ಲಿ ಆಶೀರ್ವಾದ ಆದ ತೆನೆ" ಅಂತ ಬಾಯಿಬಿಟ್ಟು ಹೇಳಿ. ತಿಳಿದು ತೆಗೆದುಕೊಳ್ಳುವವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಬೇಡ ಅನ್ನುವವರಿಗೆ ನಯವಾಗಿ ಹೇಳಲು ಅವಕಾಶ ಸಿಗುತ್ತದೆ. ಸೆಪ್ಟೆಂಬರ್ 8 ಯಾವಾಗಲೂ ತುಳುವಿನ ಸೋಣ ತಿಂಗಳಲ್ಲೇ ಬರುತ್ತದೆ. ಹಲವು ಮನೆಗಳಲ್ಲಿ ಹೊಸ್ತಿಲಿಗೆ ಹೂವು, ಅರಸಿನ, ಕುಂಕುಮ ಇಟ್ಟು ಪೂಜೆ ಮಾಡಿರುತ್ತಾರೆ. ಹೊಸ್ತಿಲು ಮೆಟ್ಟದೆ ದಾಟಿ ಒಳಗೆ ಬನ್ನಿ, ಅಥವಾ ಜಗಲಿಯಲ್ಲೇ ಕೊಡಿ.

ಮನೆಯಲ್ಲಿ ಸೂತಕ ಇದ್ದರೆ ಕೊಡಬೇಡಿ. ಬೊಜ್ಜ (ಉತ್ತರಕ್ರಿಯೆ) ಮುಗಿದು ಶುದ್ಧವಾಗುವವರೆಗೆ ಹಬ್ಬದ ವಸ್ತು, ಸಿಹಿ ಯಾವುದೂ ಆ ಮನೆಗೆ ಸಲ್ಲುವುದಿಲ್ಲ. ಸೂತಕ ಎಷ್ಟು ದಿನ ಅನ್ನುವುದು ಜಾತಿಯಿಂದ ಜಾತಿಗೆ ಬೇರೆ, ಪಕ್ಕದ ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ. ಹೆರಿಗೆಯಾದ ಮನೆಗೂ ಹೀಗೇ ಅಮೆ ಇರುತ್ತದೆ.

ಹೊರೆಕಾಣಿಕೆ. ಇದು ದೇವಸ್ಥಾನದ ಅಡುಗೆಮನೆಗೆ, ಅನ್ನಸಂತರ್ಪಣೆಗೆ ಹೋಗುವ ವಸ್ತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಬ್ರಹ್ಮಕಲಶಕ್ಕೆ ಚರ್ಚು, ಮಸೀದಿ ಕಡೆಯಿಂದಲೂ ಹೊರೆಕಾಣಿಕೆ ಬರುವುದು ಹೊಸದಲ್ಲ. ಅಕ್ಕಿ, ತೆಂಗಿನಕಾಯಿ, ಸೌತೆ, ಕುಂಬಳ, ಬಾಳೆಎಲೆ, ಬೆಲ್ಲ, ಸಕ್ಕರೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಅಕ್ಕಿ ಕೊಡುವುದಾದರೆ ಬೆಳ್ತಿಗೆಯೋ (ಬಿಳಿ ಅಕ್ಕಿ) ಕುಚ್ಚಲೋ ಅಂತ ಸಮಿತಿಯವರನ್ನು ಕೇಳಿ, 10 ಕ್ವಿಂಟಾಲ್ ಕುಚ್ಚಲು ರಾಶಿ ಬಿದ್ದು ಬೆಳ್ತಿಗೆ ಕಡಿಮೆಯಾದರೆ ಸಮಿತಿಗೆ ತಲೆನೋವು. ಹೊಸ ಚೀಲದಲ್ಲಿ ತನ್ನಿ, ಮೀನು ಸಾಗಿಸುವ ಗಾಡಿಯಲ್ಲಿ ಬೇಡ. ಮೆರವಣಿಗೆಯಲ್ಲಿ ಬಂದು ಉಗ್ರಾಣದಲ್ಲಿ ಒಪ್ಪಿಸಿದರೆ ಮುಗಿಯಿತು, ಒಳಗೆ ಬರಬೇಕು ಅಂತ ಯಾರೂ ಹೇಳುವುದಿಲ್ಲ.

ರಶೀದಿ ಬಗ್ಗೆ ಮಾತ್ರ ಎಚ್ಚರ. ಕೌಂಟರಿನಲ್ಲಿ ಹಣ ಕೊಟ್ಟು ಸುಮ್ಮನಿದ್ದರೆ ಹುಡುಗರು ಹೂವಿನ ಪೂಜೆಯೋ ಕಾರ್ತಿಕ ಪೂಜೆಯೋ ಸೇವೆಯ ಹೆಸರಿನಲ್ಲಿ ರಶೀದಿ ಹರಿಯುತ್ತಾರೆ. ಆಮೇಲೆ ನಿಮ್ಮ ಹೆಸರಿನಲ್ಲಿ ಸೇವೆಯಾಗಿ ಪ್ರಸಾದ ಮನೆಗೆ ಬರುತ್ತದೆ. ನಿಮಗೆ ಇಕ್ಕಟ್ಟು, ತಂದವರಿಗೂ ಇಕ್ಕಟ್ಟು. "ಅನ್ನಸಂತರ್ಪಣೆಗೆ" ಅಂತ ಹೇಳಿ ಬರೆಸಿಕೊಳ್ಳಿ.

ಕೋಲದ ವಿಷಯ ಇನ್ನೂ ಸೂಕ್ಷ್ಮ. ದೈವ ಊರಿನದ್ದು, ಜಾಗದ್ದು. ಆ ಜಾಗದಲ್ಲಿ ಇರುವವರೆಲ್ಲ ಅದರ ಮಕ್ಕಳು ಅನ್ನುವುದು ನಮ್ಮ ನಂಬಿಕೆ. ಅದಕ್ಕೇ ಕ್ರೈಸ್ತರ ಮನೆಗೂ ವಂತಿಗೆ ಕೇಳಲು ಬರುವುದು. ಒತ್ತಾಯ ಅಂತ ತಿಳಿಯಬೇಡಿ, ಬಿಟ್ಟರೆ ನಿಮ್ಮನ್ನು ಊರಿನಿಂದ ಹೊರಗಿಟ್ಟ ಹಾಗೆ ಆಗುತ್ತದೆ ಅಂತ ಬರುತ್ತಾರೆ. ಊಟಕ್ಕೆ, ಚಪ್ಪರಕ್ಕೆ, ದೀಪದ ವ್ಯವಸ್ಥೆಗೆ ಅಂತ ಕೊಡಬಹುದು. ಮೈದಾನ, ಬಾವಿ ನೀರು, ವಾಹನ ನಿಲ್ಲಿಸಲು ಜಾಗ ಕೊಟ್ಟರೆ ಹಣಕ್ಕಿಂತ ದೊಡ್ಡದು. ಕೊಂಡ ಜಾಗದಲ್ಲಿ ದೈವದ ಕಟ್ಟೆಯೋ ನಾಗಬನವೋ ಇದ್ದರೆ ಅದನ್ನು ಕೀಳಿಸಬೇಡಿ. ವರ್ಷಕ್ಕೊಮ್ಮೆ ತಂಬಿಲ, ತನು ಸೇವೆ ನಡೆಸಲು ಹಿಂದಿನ ಕುಟುಂಬಕ್ಕೆ ದಾರಿ ಬಿಟ್ಟುಕೊಡಿ. ಎಷ್ಟೋ ಕಡೆ ಹೀಗೇ ನಡೆಯುತ್ತಿದೆ.

ಕೋಲದ ರಾತ್ರಿ ಬಂದರೆ ಕೂತು ನೋಡಬಹುದು, ದೈವ ನುಡಿ ಕೊಡುವಾಗ ಮಾತ್ರ ಎದ್ದು ನಿಲ್ಲಿ. ಬೂಳ್ಯಕ್ಕೆ (ಹೆಸರು ಕರೆದು ಕೊಡುವ ದೈವದ ಪ್ರಸಾದಕ್ಕೆ) ನಿಮ್ಮ ಮನೆಯ ಹೆಸರು ಇದೆಯೇ ಅಂತ ಮೊದಲೇ ವಿಚಾರಿಸಿ. ಇದ್ದು, ಸ್ವೀಕರಿಸುವುದು ಬೇಡ ಅನ್ನಿಸಿದರೆ ಒಂದು ವಾರ ಮುಂಚೆ ಗುತ್ತಿನವರಿಗೆ (ಕೋಲ ನಡೆಸುವ ಹಿರಿಯ ಮನೆತನದವರಿಗೆ) ತಿಳಿಸಿ, ಅವರು ಇನ್ನೊಬ್ಬರ ಕೈಯಲ್ಲಿ ತೆಗೆಸುವ ಏರ್ಪಾಡು ಮಾಡುತ್ತಾರೆ. ಸಭೆಯಲ್ಲಿ ಹೆಸರು ಕರೆದ ಮೇಲೆ ಕೈಯಾಡಿಸಿದರೆ ದೈವಕ್ಕೂ ಗುತ್ತಿಗೂ ಅವಮಾನ.

ಬಾಸೆಲ್_ಓಣಿ

ಇಲ್ಲಿ ಬರೆದಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಆದರೆ ಎಲ್ಲ ಕ್ರೈಸ್ತರ ಗೆರೆ ಒಂದೇ ಅಲ್ಲ ಅನ್ನುವುದನ್ನು ಸೂಚನೆಯಲ್ಲಿ ಸೇರಿಸಿ. ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಪರಂಪರೆಯ ಸಭೆಗಳಲ್ಲಿ, ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಗಿರುವವರಲ್ಲಿ, ದೈವಾರಾಧನೆ ಬಿಟ್ಟುಬಂದದ್ದೇ ನಂಬಿಕೆಯ ಗುರುತು. ಹಾಗಾಗಿ ಕೋಲದ ವಂತಿಗೆಗೆ ಇಲ್ಲ ಅನ್ನುವ ಮನೆ ಸಿಕ್ಕರೆ ಅದು ಜಿಪುಣತನವಲ್ಲ, ದ್ವೇಷವೂ ಅಲ್ಲ. ಅಂಥ ಮನೆಯವರು ಶಾಲೆಯ ಕಟ್ಟಡಕ್ಕೆ, ರಸ್ತೆಗೆ, ಕಾಯಿಲೆಯವರ ಖರ್ಚಿಗೆ ಕೊಡುವುದರಲ್ಲಿ ಮುಂದೆ ನಿಲ್ಲಬೇಕು, ಅದೂ ಕೇಳುವ ಮೊದಲೇ. ಇಲ್ಲ ಅನ್ನುವವನು ಬೇರೆ ಯಾವುದಕ್ಕೂ ಇಲ್ಲದಿದ್ದರೆ ಊರು ಅವನನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಪ್ರಸಾದದ ಪ್ರಶ್ನೆಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಓದಿ. ಪೌಲನು ಎರಡು ಸಂದರ್ಭ ಬೇರೆ ಮಾಡುತ್ತಾನೆ. ನೆರೆಯವನು ಊಟಕ್ಕೆ ಕರೆದು ಬಡಿಸಿದರೆ ವಿಚಾರಣೆ ಮಾಡದೆ ಉಣ್ಣಬಹುದು. ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕು. ಇದರ ಮೇಲೆ ಸಿ.ಎಸ್.ಐ. ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಪೂಜೆಯ ಮನೆಗೆ ಹೋಗುತ್ತಾರೆ, ಊಟಕ್ಕೆ ಕೂರುತ್ತಾರೆ, ತೀರ್ಥ ಮತ್ತು ಆರತಿ ಬಂದಾಗ ಕೈಮುಗಿದು ಸುಮ್ಮನಿರುತ್ತಾರೆ. ಹೋಗುವುದು ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಆದರೆ ಯಾರಿಗೂ ಕಷ್ಟ ಇಲ್ಲ. ಮನೆಯವರೇ "ಊಟಕ್ಕೆ ಹನ್ನೆರಡೂವರೆಗೆ ಬನ್ನಿ" ಅಂತ ಸಮಯ ಹೇಳುವುದು ಈ ಕಾರಣಕ್ಕೇ.

ಮನೆಗೆ ಪ್ರಸಾದ ತಂದುಕೊಟ್ಟರೆ ಬಾಗಿಲಲ್ಲಿ ಚರ್ಚೆ ಬೇಡ. ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ತಿನ್ನಲು ಮನಸ್ಸಾಕ್ಷಿ ಒಪ್ಪದಿದ್ದರೆ ಅಲ್ಲೇ ಮೆಲ್ಲಗೆ ಹೇಳಬಹುದು: "ಗೌರವದಿಂದ ತೆಗೆದುಕೊಳ್ಳುತ್ತೇವೆ ಅಕ್ಕ, ನಮ್ಮ ಕ್ರಮದಲ್ಲಿ ಸೇವಿಸುವುದಿಲ್ಲ, ಬೇಸರ ಮಾಡಬೇಡಿ." ಆಮೇಲೆ ಅದನ್ನು ಕಸದ ಬುಟ್ಟಿಗೆ ಹಾಕಬಾರದು. ಹೂವು, ಗಂಧವನ್ನು ಯಾರೂ ತುಳಿಯದ ಗಿಡದ ಬುಡಕ್ಕೆ ಹಾಕಿ. ಹಣ್ಣು, ಪಂಚಕಜ್ಜಾಯವನ್ನು ಸೇವಿಸುವವರಿಗೆ ಕೊಡಿ. ಮಕ್ಕಳಿಗೆ "ಇದು ಸೈತಾನನದ್ದು" ಅನ್ನುವ ಮಾತು ಹೇಳಿಕೊಡುವವರು ಕೆಲವರಿದ್ದಾರೆ. ಆ ಮಾತನ್ನು ಮಗು ಮಾರನೆಯ ದಿನ ಶಾಲೆಯಲ್ಲಿ ಹೇಳುತ್ತದೆ. ಈ ಊಟದ ಮಾತಿನಲ್ಲಿ ಪೌಲನ ಕಾಳಜಿ ಎದುರಿನವನ ಮನಸ್ಸಿನ ಬಗ್ಗೆ. ಅದನ್ನು ಬಿಟ್ಟು ನಿಯಮ ಮಾತ್ರ ಹಿಡಿದರೆ ಪತ್ರವನ್ನೇ ಓದಿಲ್ಲ ಅಂತ ಅರ್ಥ.

ನಮ್ಮ ಕಡೆಯ ಅಂಗಳ ಅಂದರೆ ಬೆಳೆಹಬ್ಬ. ಆರಾಧನೆ ಮುಗಿದ ಮೇಲೆ ಕಾಣಿಕೆಯಾಗಿ ಬಂದ ಬಾಳೆಗೊನೆ, ಕೋಳಿ, ತರಕಾರಿ, ತೆಂಗಿನಕಾಯಿ ಏಲಂ ಆಗುತ್ತದೆ. ನೆರೆಯವರನ್ನು ಏಲಂ ಹೊತ್ತಿಗೆ ಕರೆಯಿರಿ, ಅವರಿಗೂ ಖುಷಿ. ಕೂಗುವವರು ತುಳು ಚೆನ್ನಾಗಿ ಮಾತಾಡುವವರಾಗಿರಲಿ.

ಅಡುಗೆಮನೆ_ಬಾಯಮ್ಮ

ಊಟ ತಿಂಡಿಯ ಬಗ್ಗೆ ಯಾರೂ ಬರೆದಿಲ್ಲ, ಆದರೆ ಬೇಸರ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಮೊಂತಿ ಹಬ್ಬದ ಊಟ ಪೂರ್ತಿ ಸಸ್ಯಾಹಾರ, ಬಾಳೆಎಲೆಯಲ್ಲಿ, ತರಕಾರಿ ಬಗೆ ಬೆಸ ಸಂಖ್ಯೆಯಲ್ಲಿ: 3, 5, 7 ಅಥವಾ 9. ಹರಿವೆ ದಂಟು, ಬೆಂಡೆ, ಹಾಗಲ, ಸೌತೆ, ಕೆಸುವಿನ ಎಲೆ, ತೊಂಡೆಕಾಯಿ ಈ ಕಾಲಕ್ಕೆ ಸಿಗುತ್ತದೆ. ಹಿಂದೂ ನೆರೆಯವರನ್ನು ವರ್ಷಕ್ಕೊಂದು ಸಲ ಊಟಕ್ಕೆ ಕೂರಿಸುವುದಾದರೆ ಈ ದಿನಕ್ಕಿಂತ ಒಳ್ಳೆಯದಿಲ್ಲ. ನೊವೆಂ, ಅಂದರೆ ಹೊಸ ಕಾಳು ಹಾಕಿದ ಹಾಲು ಅಥವಾ ಪಾಯಸ, ಮೊದಲು ಪ್ರಾರ್ಥನೆ ಮಾಡಿ ಮನೆಯ ಹಿರಿಯರು ಮನೆಯವರಿಗೆ ಕೊಡುವುದು. ನೆರೆಯವರು ಬರುವ ಮುಂಚೆ ಅದನ್ನು ಮುಗಿಸಬೇಕಾಗಿಲ್ಲ. ಅವರೂ ಹೊಸ ಅಕ್ಕಿ ಊಟದಲ್ಲಿ ಹೀಗೇ ಹಿರಿಯರ ಕೈಯಿಂದ ತೆಗೆದುಕೊಳ್ಳುವವರು, ಕೂತು ನೋಡುತ್ತಾರೆ, ಕೊಟ್ಟರೆ ತೆಗೆದುಕೊಳ್ಳುತ್ತಾರೆ.

ಕ್ರಿಸ್‌ಮಸ್ ಕುಸ್ವಾರ್ (ಹಬ್ಬದ ತಿಂಡಿಗಳು) ಕಳಿಸುವಾಗ ಗಮನ ಬೇಕು. ಕೇಕಿನಲ್ಲಿ ಮೊಟ್ಟೆ, ಹಲವು ಮನೆಗಳಲ್ಲಿ ರಮ್ ಅಥವಾ ವೈನ್. ಕೊಕಿಸಾಂ (ಅಚ್ಚಿನಲ್ಲಿ ಕರಿಯುವ ಹೂವಿನಾಕಾರದ ತಿಂಡಿ) ಹಿಟ್ಟಿಗೂ ಮೊಟ್ಟೆ ಬೀಳುತ್ತದೆ, ಕಿಡಿಯೊಗೆ (ಸಣ್ಣ ಸುರುಳಿ ತಿಂಡಿಗೆ) ಕೆಲವರು ಹಾಕುತ್ತಾರೆ. ನೆವ್ರಿ (ಕರಿಗಡುಬು), ಚಕ್ಕುಲಿ, ಎಳ್ಳುಂಡೆ, ಅಕ್ಕಿ ಲಾಡು ಮೊಟ್ಟೆಯಿಲ್ಲದವು. ಆದರೆ ಎಲ್ಲ ಒಂದೇ ಬಾಣಲೆಯಲ್ಲಿ ಕರಿದರೆ ಪ್ರಯೋಜನ ಇಲ್ಲ. ಹೊಸ ಎಣ್ಣೆಯಲ್ಲಿ ಮೊದಲು ನೆವ್ರಿ, ಚಕ್ಕುಲಿ ಕರಿದು ತೆಗೆದಿಟ್ಟು, ಕೊನೆಗೆ ಕೊಕಿಸಾಂ ಹಾಕಿ. ಸಸ್ಯಾಹಾರಿ ಮನೆಗೆ ಬೇರೆ ತಟ್ಟೆ, ಒಂದೇ ತಟ್ಟೆಯಲ್ಲಿ ಕೇಕಿನ ಪಕ್ಕ ನೆವ್ರಿ ಇಟ್ಟರೆ ಎರಡೂ ಉಳಿಯುತ್ತದೆ. ಕೊಡುವಾಗ "ಇದರಲ್ಲಿ ಮೊಟ್ಟೆ ಇಲ್ಲ, ಎಣ್ಣೆಯೂ ಬೇರೆ" ಅಂತ ಒಂದು ಮಾತು ಹೇಳಿ. ಬಂಟ, ಬಿಲ್ಲವ, ಮೊಗವೀರ ಮನೆಗಳಿಗೆ ಮೊಟ್ಟೆಯ ಅಡ್ಡಿ ಇಲ್ಲ, ಆದರೂ ಅಯ್ಯಪ್ಪ ವ್ರತದ ಮಾಲೆ ಹಾಕಿದವರು ಡಿಸೆಂಬರಿನಲ್ಲಿ ಇರುತ್ತಾರೆ, ಕೇಳಿ ಕೊಡಿ.

ರೊಸ್ ಸಂಸ್ಕಾರ ಅಲ್ಲ, ಮನೆಯ ಕ್ರಮ. ಮದುವೆಯ ಮುನ್ನಾದಿನ ಚಪ್ಪರದಲ್ಲಿ ತೆಂಗಿನ ಹಾಲು, ಎಣ್ಣೆ ಹಚ್ಚಿ ಮೀಯಿಸುವುದು. ಹಾಗಾಗಿ ನೆರೆಯವರೂ ಹಚ್ಚಬಹುದು. ಮೊದಲು ಯೆಜ್ಮಾನ (ಕಾರ್ಯ ನಡೆಸುವ ಹಿರಿಯ) ಪ್ರಾರ್ಥನೆ ಹೇಳಿಸುತ್ತಾನೆ, ಹೆತ್ತವರು, ಪಾದ್ವಾಂವ್, ಮಾದಿನ್ (ಜ್ಞಾನ ತಂದೆ, ಜ್ಞಾನ ತಾಯಿ) ಹೆಬ್ಬೆರಳಿನಿಂದ ಹಣೆಗೆ ಶಿಲುಬೆ ಎಳೆಯುತ್ತಾರೆ. ನೆರೆಯವರ ಸರದಿ ಬಂದಾಗ ಶಿಲುಬೆ ಎಳೆಯಲು ಹೇಳಿಕೊಡಬೇಡಿ, ತಲೆಗೆ ಎಣ್ಣೆ ಮುಟ್ಟಿಸಿ ರೊಸ್ ಎರೆದರೆ ಸಾಕು. ಅರಸಿನ ಎಣ್ಣೆ ಹಚ್ಚುವ ಕ್ರಮ ಅವರಲ್ಲೂ ಇದೆ, ಕೈ ತಾನಾಗಿ ನಡೆಯುತ್ತದೆ. ಯಾರನ್ನಾದರೂ ಕರೆಯುವುದಾದರೆ ಹೆಸರು ಹಿಡಿದು ಯೆಜ್ಮಾನನೇ ಕರೆಯಬೇಕು. "ಬೇಕಾದವರು ಬನ್ನಿ" ಅಂದರೆ ಯಾರೂ ಏಳುವುದಿಲ್ಲ, ನೆರೆಯವರಂತೂ ಖಂಡಿತ ಏಳುವುದಿಲ್ಲ. 5 ತೆಂಗಿನಕಾಯಿಯ ದಪ್ಪ ಹಾಲು ಒಬ್ಬರಿಗೆ ಸಾಕು. ಬೇಸಿಗೆಯ ಮದುವೆಯಾದರೆ ರೊಸ್ ಶುರುವಾಗುವ ಎರಡು ತಾಸಿಗಿಂತ ಮುಂಚೆ ಹಿಂಡಬೇಡಿ, ಹುಳಿ ವಾಸನೆ ಬರುತ್ತದೆ.

ರೊಸ್ ರಾತ್ರಿ ಊಟಕ್ಕೆ ಹಂದಿ, ಕುರಿ, ಕೋಳಿ ಇರುತ್ತದೆ, ಕೆಲವು ಕಡೆ ದನವೂ. ಹಿಂದೂ ನೆರೆಯವರನ್ನು ಕರೆದಿದ್ದರೆ ದನದ ಮಾಂಸ ಅಡುಗೆಗೆ ಬರಲೇಬಾರದು. ಬೇರೆ ಪಾತ್ರೆ, ಬೇರೆ ಮೂಲೆ ಅಂತ ಸಮಾಧಾನ ಹೇಳುವುದು ಬೇಡ. ಸಸ್ಯಾಹಾರದ ಅಡುಗೆಗೆ ಬೇರೆ ಒಲೆ, ಬೇರೆ ಸೌಟು, ಬಡಿಸಲು ಬೇರೆ ಜನ. ಸೌಟು ಒಂದೇ ಆದಲ್ಲಿ ಎಲ್ಲ ಶ್ರಮ ಹಾಳು.

ಮಡಗಾಂವ್_ಕನ್ನಡಿಗ

ಗೋವಾದ ಎರಡು ಮಾತು. 1736ರಲ್ಲಿ ಅಲ್ಲಿನ ಇಂಕ್ವಿಸಿಶನ್ (ಚರ್ಚಿನ ಧರ್ಮವಿಚಾರಣಾ ನ್ಯಾಯಾಲಯ) ಹೊರಡಿಸಿದ ಆಜ್ಞೆಯಲ್ಲಿ ಕ್ರೈಸ್ತರ ಮದುವೆಯಲ್ಲಿ ವೀಳ್ಯದೆಲೆ, ಅಡಿಕೆ, ಹೂವು ಕಳಿಸುವುದು, ಊರ ಹಾಡು ಹಾಡುವುದು ಇಂಥದ್ದನ್ನೆಲ್ಲ ಪಟ್ಟಿ ಮಾಡಿ ನಿಷೇಧಿಸಿದ್ದರು. ನೆರೆಯವರ ಜೊತೆಗಿನ ಆಚರಣೆಯ ಕೊಂಡಿ ಕಡಿಯುವುದೇ ಉದ್ದೇಶ. ಗೋವಾದಿಂದ ಕನ್ನಡ ಕರಾವಳಿಗೆ ಬಂದು ನೆಲೆಸಿದ ಮನೆಗಳಲ್ಲಿ ರೊಸ್, ವೊವಿಯೊ (ಮದುವೆಯ ಹಾಡು), ವೀಳ್ಯ ಎಲ್ಲ ಇಂದಿಗೂ ಜೀವಂತ. ಅದನ್ನು "ಹಿಂದೂ ಪಳೆಯುಳಿಕೆ" ಅಂತ ನಾಚಿಕೆಪಡುವವರಿಗೆ ಈ ಇತಿಹಾಸ ಗೊತ್ತಿರಲಿ.

ಆದರೂ ಗೋವಾದಲ್ಲೇ ಮ್ಹಾಪ್ಸಾದ ಮಿಲಾಗ್ರಿಸ್ ಮಾತೆ ಮತ್ತು ಶಿರಗಾಂವದ ಲೈರಾಯಿ ದೇವಿ ಅಕ್ಕತಂಗಿಯರು ಅನ್ನುವ ನಂಬಿಕೆ ಉಳಿದಿದೆ. ಮಿಲಾಗ್ರಿಸ್ ಹಬ್ಬಕ್ಕೆ ಲೈರಾಯಿ ಕಡೆಯಿಂದ ಎಣ್ಣೆ ಬರುತ್ತದೆ, ಲೈರಾಯಿ ಜಾತ್ರೆಗೆ ಚರ್ಚಿನ ಕಡೆಯಿಂದ ಮಲ್ಲಿಗೆ ಹೋಗುತ್ತದೆ. ಬಲಿಪೂಜೆ ಅವರದ್ದು, ಕೆಂಡ ಹಾಯುವುದು ಇವರದ್ದು. ನಡುವೆ ಓಡಾಡುವುದು ಎಣ್ಣೆ, ಹೂವು. ಮೇಲೆ ಯಾರೋ ಗರ್ಭಗುಡಿ, ಅಂಗಳ ಅಂದರಲ್ಲ, ಇದು ಅದೇ.

ಕೇರಳದ ಅರ್ತುಂಗಲ್ ಬಸಿಲಿಕಾದಲ್ಲಿ ಶಬರಿಮಲೆಯಿಂದ ಮರಳುವ ಎಷ್ಟೋ ಭಕ್ತರು ಸಂತ ಸೆಬಾಸ್ಟಿಯನ್ನರ ಮುಂದೆ ಮಾಲೆ ತೆಗೆಯುತ್ತಾರೆ. ನಮ್ಮ ಕಾರ್ಕಳದ ಅತ್ತೂರು ಚರ್ಚಿನಲ್ಲೂ ಜನವರಿಯ ಹಬ್ಬಕ್ಕೆ ಹಿಂದೂಗಳು ಮೊಂಬತ್ತಿ ಹಿಡಿದು ಬರುತ್ತಾರೆ, ಪುಷ್ಕರಿಣಿಯ ನೀರು ಮುಟ್ಟಿ ಹೋಗುತ್ತಾರೆ. ದೊಡ್ಡ ಪುಣ್ಯಕ್ಷೇತ್ರದಲ್ಲಿ ಮೊಂಬತ್ತಿಯ ಜಾಗ, ಪ್ರತಿಮೆಯ ಸಾಲು, ಬಲಿಪೂಜೆ ಬೇರೆ ಬೇರೆ ಕಡೆ ಇರುವುದರಿಂದ ಯಾರಿಗೂ ಗೊಂದಲ ಆಗುವುದಿಲ್ಲ. ಹಳ್ಳಿ ಚರ್ಚಿನಲ್ಲಿ ಎಲ್ಲ ಒಂದೇ ಸೂರಿನಡಿ, ಅದಕ್ಕೇ ಮೈಕಿನ ಮಾತು ಮುಖ್ಯ.

ವಾಳೆ_ಗುರಿಕಾರ

ಎಲ್ಲರಿಗೂ ದೇವ್ ಬರೆಂ ಕರುಂ (ದೇವರು ಒಳ್ಳೆಯದು ಮಾಡಲಿ). ಎರಡು ಉಳಿದಿದೆ. ಸಾವಿನ ಮನೆ ಬಗ್ಗೆ ಸೂತಕ ಬಿಟ್ಟರೆ ಹೆಚ್ಚು ಬರಲಿಲ್ಲ. ಇನ್ನೊಂದು, ಹಬ್ಬದ ದಿನ ಕಾಲುದೀಪ ಹಚ್ಚಿ, ಆರತಿ ಎತ್ತಬೇಕು, ಹಿಂದೂಗಳಿಗೆ ಹತ್ತಿರವಾಗುತ್ತದೆ ಅಂತ ಯುವಕರು ಹೇಳುತ್ತಿದ್ದಾರೆ. ಸರಿಯೇ?

ಬಲಿಪೀಠ_ಸೇವೆ

ದೀಪ, ಆರತಿಗೆ ಅನುಮತಿ ಇದೆ. 1969ರ ಏಪ್ರಿಲ್ 25ರಂದು ರೋಮ್ ಒಪ್ಪಿದ 12 ಅಂಶಗಳಲ್ಲಿ ಪಾದರಕ್ಷೆ ತೆಗೆಯುವುದು, ಕೈಮುಗಿಯುವುದು, ಎಣ್ಣೆ ದೀಪ, ಆರತಿ ಎಲ್ಲ ಸೇರಿದೆ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ರಾಷ್ಟ್ರೀಯ ಧರ್ಮೋಪದೇಶ ಹಾಗೂ ಉಪಾಸನಾ ಕೇಂದ್ರ ಅದರ ಹಿಂದೆ ಕೆಲಸ ಮಾಡಿತು. ಆದರೆ ಯುವಕರು ಹೇಳುವ ಕಾರಣ ಸರಿಯಲ್ಲ. ಅದನ್ನು ತಂದದ್ದು ಕ್ರೈಸ್ತರೇ ತಮ್ಮ ನೆಲದ ಭಾಷೆಯಲ್ಲಿ ಆರಾಧಿಸಲಿ ಅಂತ. ನೆರೆಯವರನ್ನು ಮೆಚ್ಚಿಸಲು ಎತ್ತಿದ ಆರತಿ ನೆರೆಯವರಿಗೆ ಅನುಮಾನ ತರುತ್ತದೆ, ನಮ್ಮ ಹಾಗೆ ಕಾಣಿಸಿಕೊಂಡು ನಮ್ಮನ್ನು ಸೆಳೆಯುತ್ತಿದ್ದಾರೆ ಅಂತ. ವರ್ಷವಿಡೀ ನಿಮ್ಮ ಚರ್ಚಿನಲ್ಲಿ ಆರತಿ ಇದ್ದರೆ ಮೊಂತಿ ಹಬ್ಬಕ್ಕೂ ಇರಲಿ. ಇಲ್ಲದಿದ್ದರೆ ಆ ಒಂದು ದಿನಕ್ಕೆ ತರಬೇಡಿ.

ಗುತ್ತುಮನೆ_ಚಾವಡಿ

ಅವರು ಹೇಳಿದ್ದು ನಮ್ಮ ಮನಸ್ಸಿನ ಮಾತು. ನೀವು ನೀವಾಗಿಯೇ ಇರಿ, ನಮಗೆ ಅದೇ ಸಲೀಸು.

ಸಾವಿನ ಮನೆ: ನಮ್ಮಲ್ಲಿ ಸಾವಾದರೆ ಸುದ್ದಿ ತಿಳಿದ ತಕ್ಷಣ ಬನ್ನಿ, ಕರೆಯುವ ಕ್ರಮ ಇಲ್ಲ. ಹೂವು ಇಟ್ಟು ಕೈಮುಗಿಯಿರಿ. ಬಾಯಿಗೆ ನೀರು ಬಿಡುವುದು ಮನೆಯವರ, ಸಂಬಂಧಿಕರ ಕೆಲಸ, ಕರೆದರೆ ಮಾತ್ರ. ಕಟ್ಟಿಗೆ ಒಟ್ಟುವುದು, ಮರ ಕಡಿಯುವುದು, ದೂರದವರನ್ನು ಕರೆತರುವುದು, ಅಲ್ಲಿ ನಿಮ್ಮ ಕೈ ಬೇಕು. ಬೊಜ್ಜದ ಊಟಕ್ಕೆ ಕರೆದರೆ ತಪ್ಪಿಸಬೇಡಿ, ಮದುವೆಗೆ ತಪ್ಪಿದರೂ ಅಷ್ಟು ಬೇಸರ ಆಗುವುದಿಲ್ಲ. ನಿಮ್ಮಲ್ಲಿ ಸಾವಾದರೆ ನಾವು ಪೆಟ್ಟಿಗೆಗೆ ಹೆಗಲು ಕೊಡುತ್ತೇವೆ, ಹಿಡಿ ಮಣ್ಣು ಹಾಕುತ್ತೇವೆ. ಆಮೇಲೆ ಚಹಾಕ್ಕೆ ಒತ್ತಾಯ ಮಾಡಬೇಡಿ, ಮನೆಗೆ ಹೋಗಿ ಮಿಂದ ಮೇಲೆಯೇ ನಮ್ಮವರು ಏನಾದರೂ ಮುಟ್ಟುವುದು. ಏಳನೇ ದಿನದ ಪೂಜೆಗೋ ತಿಂಗಳ ಪೂಜೆಗೋ ಊಟ ಇಟ್ಟರೆ ಆಗ ಹೇಳಿ ಕಳಿಸಿ, ಬರುತ್ತೇವೆ.

ಒಂದು ಕೆಲಸ ಮಾಡಿ ಪೊರ್ಬುಲೇ. ಸೂಚನೆ ಅಚ್ಚಿಗೆ ಕೊಡುವ ಮೊದಲು ದೇವಸ್ಥಾನದ ಸಮಿತಿಯ ಒಬ್ಬರಿಗೆ, ಭಜನಾ ಮಂಡಳಿಯ ಒಬ್ಬರಿಗೆ ಓದಲು ಕೊಡಿ. ಕೋಲ, ಜಾತ್ರೆಗಳೆಲ್ಲ ಮೇ ಕೊನೆಯ ಪತ್ತನಾಜೆಗೇ ಮುಗಿದಿವೆ, ಈಗ ಎಲ್ಲರಿಗೂ ಬಿಡುವಿದೆ.